ಈ ವರ್ಷದ ಸಂತ ಯಾರು

"ಆ ಕಡೆ ತಿರುಗು, ಈ ಕಡೆ ನೋಡಬೇಡ," ಎಂದು ಅತ್ತಿಗೆ ಎಡಗೈಯನ್ನು ಅಡ್ಡ ಇಟ್ಟುಕೊಂಡು ಚೀಟಿ ಬರೆಯತೊಡಗಿದಳು. ಐವತ್ತು ದಾಟಿದ ಹೆಂಗಸು, ಊರಿನ ಅರ್ಧ ಮಕ್ಕಳಿಗೆ ಜಪ ಕಲಿಸಿದವಳು, ಪರೀಕ್ಷೆಯಲ್ಲಿ ಪಕ್ಕದವಳು ಕಾಪಿ ಹೊಡೆದಾಳೆಂದು ಹೆದರುವ ಹುಡುಗಿಯ ಹಾಗೆ ಬಗ್ಗಿ ಕೂತಿದ್ದಳು.

"ನೋಡೋಕೆ ನಂಗೇನು ಬೇರೆ ಕೆಲಸ ಇಲ್ವಾ ಅತ್ತಿಗೆ?" ಎಂದಳು ಮೇಜಿನ ಈಚೆ ತುದಿಯಲ್ಲಿದ್ದ ಸಂತಮ್ಮ.

ಕೆಲಸ ಬೇಕಾದಷ್ಟಿತ್ತು. ಚರ್ಚಿನ ಪೂಜೆಯಲ್ಲಿ ಪ್ರಸಾದವಾಗಿ ಕೊಡುವ ತೆಳ್ಳನೆಯ ಬಿಳಿ ಅಪ್ಪ ತಯಾರಾಗುತ್ತಿದ್ದುದು ಇದೇ ಮನೆಯಲ್ಲಿ, ಸಂತಮ್ಮನ ಕೈಯಲ್ಲಿ. ಗೋಧಿ ಹಿಟ್ಟು, ನೀರು, ಅಷ್ಟೆ. ಒಂದು ಹರಳು ಉಪ್ಪೂ ಬೀಳುವಂತಿಲ್ಲ. ಹಿಂದಿನ ದಿನ ಅಚ್ಚಿನ ಕಾವಲಿಯಲ್ಲಿ ಬೇಯಿಸಿದ ತೆಳು ಹಾಳೆಗಳನ್ನು ಒದ್ದೆ ಬಟ್ಟೆಯ ಕೆಳಗಿಟ್ಟು ಮೆತ್ತಗಾಗಲು ಬಿಟ್ಟಿದ್ದಳು. ಒಣಗಿದ್ದಾಗ ಕತ್ತರಿಸಿದರೆ ಪುಡಿಪುಡಿ. ತೀರಾ ನೆನೆದಿದ್ದರೆ ಬಿಲ್ಲೆ ಸುರುಟಿಕೊಳ್ಳುತ್ತದೆ. ಬಿಲ್ಲೆ ಕತ್ತರಿಸುವ ಹಿತ್ತಾಳೆಯ ದುಂಡು ಕೊಳವೆಯನ್ನು ಒತ್ತಿ ತಿರುಗಿಸಿ, ಒಂದೊಂದೇ ಬಿಲ್ಲೆಯನ್ನು ಡಬ್ಬಿಗೆ ಉದುರಿಸುತ್ತಿದ್ದಳು. ಕತ್ತರಿಸಿ ಉಳಿದ ತೂತುತೂತಿನ ಹಾಳೆಯನ್ನು ಅಣ್ಣ ಬಂದು ಬಂದು ಮುರಿದುಕೊಂಡು ತಿನ್ನುತ್ತಿದ್ದ. ರುಚಿ ಏನೂ ಇಲ್ಲ ಎಂದು ಪ್ರತಿ ಸಲವೂ ಹೇಳುತ್ತಿದ್ದ, ಪ್ರತಿ ಸಲವೂ ತಿನ್ನುತ್ತಿದ್ದ.

ಸಂತಮ್ಮ ಅನ್ನುವುದು ಅತ್ತಿಗೆಯೇ ಇಟ್ಟ ಅಡ್ಡಹೆಸರು. ಈ ನಾದಿನಿ ಮನೆಗೆ ಬಂದ ಹೊಸದರಲ್ಲಿ ಎಷ್ಟು ಬೈದರೂ ತಿರುಗಿ ಮಾತಾಡದೆ ಪಾತ್ರೆ ತೊಳೆಯುತ್ತಿದ್ದಳಂತೆ. "ನಮ್ಮನೇಲಿ ಒಬ್ಬಳು ಸಂತಮ್ಮ ಇದ್ದಾಳೆ ಕಣ್ರೀ," ಎಂದು ಅತ್ತಿಗೆ ನೆರೆಮನೆಯಲ್ಲಿ ನಕ್ಕಿದ್ದು, ಬರುಬರುತ್ತ ಬೀದಿಯವರ ಬಾಯಿಗೆ ಬಂತು, ಕೊನೆಗೆ ಪಾದ್ರಿಗಳ ಬಾಯಿಗೂ ಬಂತು. ಕುಳ್ಳಿ ಅಂತಲೋ ಡುಮ್ಮಿ ಅಂತಲೋ ಕರೆದರೆ ಸಿಟ್ಟು ಮಾಡಿಕೊಳ್ಳಬಹುದು. ಸಂತಮ್ಮ ಅಂತ ಕರೆದರೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ? ಒಮ್ಮೆ ತಟ್ಟೆಯನ್ನು ನೆಲಕ್ಕೆ ಕುಕ್ಕಿದ್ದಳು. "ಅಯ್ಯೋ, ಸಂತಮ್ಮಂಗೂ ಸಿಟ್ಟು ಬಂತಲ್ಲಪ್ಪ!" ಎಂದು ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅವಳೂ ನಗಬೇಕಾಯಿತು.

ಅವಳು ಈ ಮನೆಗೆ ಬಂದದ್ದು ಅತ್ತಿಗೆಯ ಬಾಣಂತನಕ್ಕೆ. "ನಾಲ್ಕು ದಿನ ಇದ್ದು ಹೋಗು," ಎಂದಿದ್ದ ಅಣ್ಣ. ಆಗ ಹುಟ್ಟಿದ ಕೂಸು ಬೆಳೆದು, ಓದಿ, ಮದುವೆಯಾಗಿ, ಈಗ ತಾನೇ ಬಸುರಿಯಾಗಿ ಗಂಡನ ಮನೆಯಲ್ಲಿದ್ದಳು. ಸಂತಮ್ಮನ ನಾಲ್ಕು ದಿನ ಮಾತ್ರ ಇನ್ನೂ ಮುಗಿದಿರಲಿಲ್ಲ. ಅವಳ ಮಂಚ ಇದ್ದದ್ದು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಲ್ಲಿ. ಬಚ್ಚಲಿಗೆ ಹೋಗುವವರೆಲ್ಲ ಅವಳ ಕಾಲು ದಾಟಿಕೊಂಡೇ ಹೋಗಬೇಕು. ಮಗಳ ಕೋಣೆ ಖಾಲಿಯಾದಾಗ ಅವಳು ಬಾಯಿಬಿಟ್ಟು ಕೇಳಿದ್ದಳು. ಅತ್ತಿಗೆ ಬೇಡ ಅನ್ನಲಿಲ್ಲ, ಬೇಡ ಅನ್ನುವ ಹೆಂಗಸೇ ಅಲ್ಲ ಅವಳು. ಸಂತ ಕ್ಯಾಥರೀನಳ ಕಥೆ ಹೇಳಿದಳು. ಮದುವೆ ಒಲ್ಲೆ ಅಂದಳೆಂದು ಮನೆಯವರು ಅವಳ ಕೋಣೆ ಕಿತ್ತುಕೊಂಡರಂತೆ, ಅಡುಗೆಮನೆ ಚಾಕರಿಗೆ ಹಾಕಿದರಂತೆ. ಅವಳು ತನ್ನ ಎದೆಯೊಳಗೇ ಒಂದು ಕೋಣೆ ಕಟ್ಟಿಕೊಂಡು ಅದರಲ್ಲಿ ದೇವರ ಜತೆ ಇದ್ದಳಂತೆ. "ಅಂಥಾ ಕೋಣೆಗೆ ಬೀಗ ಬೇಕಾ, ಕಿಟಕಿ ಬೇಕಾ? ಹೇಳು," ಎಂದು ಅತ್ತಿಗೆ ಕಣ್ಣೊರೆಸಿಕೊಂಡಿದ್ದಳು. ಕೋಣೆ ಮಗಳು ಬಂದಾಗ ಇರಲಿ ಎಂದು ಹಾಗೇ ಉಳಿಯಿತು.

ಆ ಕಥೆ ಅಲ್ಲಿಗೆ ಮುಗಿಯುವುದಿಲ್ಲ ಎಂದು ಸಂತಮ್ಮನಿಗೆ ಗೊತ್ತಿತ್ತು. ಆಮೇಲೆ ಕ್ಯಾಥರೀನಳ ಅಪ್ಪನಿಗೇ ಮನಸ್ಸು ಕರಗಿ ಕೋಣೆ ವಾಪಸು ಕೊಟ್ಟ. ಅವಳು ಮುಂದೆ ಆ ಕೋಣೆಯಿಂದ ಎದ್ದು ಹೊರಟು, ಊರೂರು ತಿರುಗಿ, ಪೋಪರಿಗೇ ಹೀಗೆ ಮಾಡಿ ಹಾಗೆ ಮಾಡಿ ಎಂದು ಬುದ್ಧಿ ಹೇಳಿದವಳು. ಸಂತಮ್ಮನಿಗೆ ಈ ಹೆಂಗಸರು ಚಿಕ್ಕಂದಿನಿಂದ ಅಚ್ಚುಮೆಚ್ಚು. ತೆರೇಸಾ ಪುಟ್ಟ ಹುಡುಗಿಯಾಗಿದ್ದಾಗ ತಮ್ಮನೋ ಅಣ್ಣನೋ ಒಬ್ಬನ ಕೈ ಹಿಡಿದುಕೊಂಡು ಧರ್ಮಕ್ಕೆ ಪ್ರಾಣ ಕೊಡುತ್ತೇನೆಂದು ಮನೆಬಿಟ್ಟು ಹೊರಟು, ದಾರಿಯಲ್ಲಿ ಚಿಕ್ಕಪ್ಪನ ಕೈಗೆ ಸಿಕ್ಕಿಬಿದ್ದದ್ದು ನೆನಪಾದರೆ ಈಗಲೂ ಅವಳಿಗೆ ನಗು ಬರುತ್ತಿತ್ತು. ಕ್ಲಾರಾ ಸನ್ಯಾಸಿನಿಯಾಗಲೆಂದು ರಾತ್ರೋರಾತ್ರಿ, ಮನೆಯವರು ಯಾರೂ ಬಳಸದ ಬಾಗಿಲಿನಿಂದ ಹೊರಟುಹೋದಳಂತೆ. ಅದಕ್ಕೆ ಅಡ್ಡವಿಟ್ಟ ಮರದ ದಿಮ್ಮಿಗಳನ್ನೂ ಕಲ್ಲುಗಳನ್ನೂ ತಾನೇ ಕೈಯಾರೆ ಸರಿಸಿದಳಂತೆ. ಸಂತಮ್ಮ ಅಪ್ಪ ಬೇಯಿಸುತ್ತ ಆ ಕೈಗಳ ಬಗ್ಗೆ ಯೋಚಿಸುತ್ತಿದ್ದಳು. ಎಷ್ಟು ತರಚಿರಬೇಕು, ಪಾಪ. ಅತ್ತಿಗೆ ಅದೇ ಸಂತರ ಕಥೆಗಳನ್ನೇ ಹೇಳುತ್ತಿದ್ದಳು, ಆದರೆ ಅವಳ ಸಂತರೆಲ್ಲ ಇದ್ದಲ್ಲೇ ಇದ್ದು, ಸಹಿಸಿ, ಒಳ್ಳೆಯವರಾಗಿ ಸತ್ತುಹೋಗುತ್ತಿದ್ದರು.

ಚೀಟಿಯ ಪದ್ಧತಿ ಅತ್ತಿಗೆ ತವರಿನಿಂದ ತಂದದ್ದು. ವರ್ಷದ ಮೊದಲ ಭಾನುವಾರ ಸಂಜೆ, ಸಂತ ಸ್ತ್ರೀಯರ ಹೆಸರು ಬರೆದ ಚೀಟಿಗಳನ್ನು ಬಟ್ಟಲಿಗೆ ಹಾಕಿ ಒಬ್ಬೊಬ್ಬರೂ ಒಂದೊಂದು ಎತ್ತಬೇಕು. ಬಂದವಳು ವರ್ಷವೆಲ್ಲ ಅವರ ಜತೆಗಾತಿ. ಗಂಡಸರಿಗೂ ರಿಯಾಯಿತಿ ಇಲ್ಲ. ಇನ್ನೊಂದು ನಿಯಮ ಇತ್ತು, ಅದೇ ದೊಡ್ಡದು: ಆ ಸಂತಳು ಮಾಡಿದ್ದರಲ್ಲಿ ಒಂದನ್ನು ತಾನೂ ಮಾಡುತ್ತೇನೆ ಎಂದು ಕೂತಲ್ಲೇ ಹೇಳಬೇಕು, ಹೇಳಿದ ಮೇಲೆ ಮಾಡಲೇಬೇಕು, ಉಳಿದವರು ಯಾರೂ ಅಡ್ಡ ಬರುವಂತಿಲ್ಲ. ಸಂಗೀತದ ಸಂತಳಾದ ಸಿಸಿಲಿಯಾ ಬಂದ ವರ್ಷ, ಆಗಿನ್ನೂ ಬಸ್ಸು ಓಡಿಸುತ್ತಿದ್ದ ಅಣ್ಣ ದಿನಾ ಬಚ್ಚಲಲ್ಲಿ ಕೀರ್ತನೆ ಹಾಡಿದ್ದ. ಪಕ್ಕದ ಮನೆಯ ನಾಯಿಯೂ ದನಿಗೂಡಿಸಿತ್ತು. ಉಪವಾಸಕ್ಕೆ ಹೆಸರಾದ ಕ್ಯಾಥರೀನ್ ಬಂದ ವರ್ಷ ಅತ್ತಿಗೆ ಟೀ ಬಿಟ್ಟಳು. ಅವಳ ತಲೆನೋವನ್ನು ಮನೆಮಂದಿಯೆಲ್ಲ ಅನುಭವಿಸಿದರು.

ಸಂತಮ್ಮನ ಪಾಲಿಗೆ ಬರುತ್ತಿದ್ದವರೆಲ್ಲ ತಾಳ್ಮೆಯವರೇ. ನರ್ಸ್ ತರಬೇತಿಗೆ ಸೇರಬೇಕೆಂದುಕೊಂಡ ವರ್ಷ ರೀತಾ ಬಂದಳು, ಕೆಟ್ಟ ಗಂಡನನ್ನು ಸಹಿಸಿಕೊಂಡವಳು. ಗಂಡನೇ ಇಲ್ಲದ ಸಂತಮ್ಮ ಸಹಿಸಿಕೊಳ್ಳಲು ಬೇರೇನಾದರೂ ಹುಡುಕಿಕೊಳ್ಳಬೇಕಾಯಿತು. ದರ್ಜಿಯೊಬ್ಬನ ಕಡೆಯಿಂದ ಸಂಬಂಧ ಬಂದ ವರ್ಷ ಮೋನಿಕಾ, ಮಗ ದಾರಿಗೆ ಬರಲೆಂದು ವರ್ಷಗಟ್ಟಲೆ ಅತ್ತು ಕಾದವಳು. "ಕಾಯಬೇಕಮ್ಮ, ಅವಸರ ಮಾಡಬಾರದು," ಎಂದಳು ಅತ್ತಿಗೆ. ಅದೇ ತಿಂಗಳು ಅತ್ತಿಗೆಗೆ ಟೈಫಾಯಿಡ್ ಬಂತು. ನಾಟಕವಲ್ಲ, ನಿಜವಾದ ಟೈಫಾಯಿಡ್, ಅದೇ ಕಷ್ಟ. ಅತ್ತಿಗೆ ಎದ್ದು ಓಡಾಡುವ ಹೊತ್ತಿಗೆ ದರ್ಜಿಗೆ ಬೇರೆ ಹೆಣ್ಣು ಸಿಕ್ಕಿದ್ದಳು.

ಈಗ ಮತ್ತೆ ಒಂದು ಬಾಗಿಲು ತೆರೆದಿತ್ತು. ಹೋದ ವಾರ ದೂರದ ಊರಿನ ಕಾನ್ವೆಂಟಿನಿಂದ ಸಿಸ್ಟರ್ ಒಬ್ಬರು ಬಂದಿದ್ದರು. ಅಲ್ಲಿ ಅಪ್ಪ ಬೇಯಿಸುತ್ತಿದ್ದ ವಯಸ್ಸಾದ ಸಿಸ್ಟರಿಗೆ ಮಣಿಕಟ್ಟು ಹೋಗಿದೆ, ಸುತ್ತಲಿನ ಚರ್ಚುಗಳಿಗೆಲ್ಲ ಅಪ್ಪ ಅಲ್ಲಿಂದಲೇ ಹೋಗಬೇಕು, ಕೆಲಸ ತಿಳಿದವರು ಬೇಕು ಎಂದರು. ಸಂತಮ್ಮನ ಬಿಲ್ಲೆಯೊಂದನ್ನು ಬೆಳಕಿಗೆ ಹಿಡಿದು ನೋಡಿ ತಲೆದೂಗಿದರು. ಸಿಸ್ಟರ್ ಆಗಬೇಕಿಲ್ಲ, ವ್ರತ ತೊಡಬೇಕಿಲ್ಲ. ಮಧ್ಯಾಹ್ನದವರೆಗೆ ಕೆಲಸ, ಆಮೇಲೆ ಸಮಯ ನಿಮ್ಮದು. ಒಂದು ಕೋಣೆ ಕೊಡ್ತೀವಿ ಎಂದರು. "ಬಾಗಿಲು ಹಾಕ್ಕೋಬಹುದಾ?" ಎಂದು ಸಂತಮ್ಮ ಕೇಳಿದ್ದಕ್ಕೆ ಸಿಸ್ಟರಿಗೆ ಪ್ರಶ್ನೆ ಅರ್ಥವಾಗದೆ, "ಚಿಲಕ ಗಟ್ಟಿಯಾಗಿದೆಯಮ್ಮ, ಭಯ ಬೇಡ," ಎಂದಿದ್ದರು. ಸೋಮವಾರ ಬೆಳಿಗ್ಗೆ ಹಿಟ್ಟು ಒಯ್ಯಲು ಕಾನ್ವೆಂಟಿನ ವ್ಯಾನು ಈ ಊರಿಗೆ ಬರುತ್ತದೆ, ಬರುವುದಾದರೆ ಅದರಲ್ಲೇ ಬನ್ನಿ, ಇಲ್ಲವಾದರೆ ಬೇರೆ ಯಾರನ್ನಾದರೂ ನೋಡಿಕೊಳ್ಳುತ್ತೇವೆ. ಆ ಸೋಮವಾರ ನಾಳೆಯೇ.

"ಇಲ್ಲಿನ ಕಾವಲಿ ಬಿಟ್ಟು ಅಲ್ಲಿನ ಕಾವಲಿಗೆ ಹೋಗಬೇಕಾ ನೀನು?" ಎಂದಳು ಅತ್ತಿಗೆ, ಚೀಟಿ ಮಡಿಸುತ್ತ. "ಇಲ್ಲೇನು ಕಡಿಮೆಯಾಗಿದೆ ನಿಂಗೆ? ಹೊಡೀತೀವಾ, ಬಡೀತೀವಾ?"

"ನಾನು ಹಾಗಂದ್ನಾ?"

"ಬಾಯಲ್ಲಿ ಅನ್ನಲ್ಲ ನೀನು. ಅದೇ ನಂಗೆ ತಡೆಯೋಕಾಗದೇ ಇರೋದು. ಬೈದುಬಿಡು, ಒಂದ್ಸಲ ಬೈದುಬಿಡು ನನ್ನ."

ಸಂತಮ್ಮ ಬಯ್ಯಲಿಲ್ಲ. ಕೊಳವೆಯನ್ನು ಹಾಳೆಯ ಮೇಲಿಟ್ಟು ಒತ್ತಿದಳು, ತಿರುಗಿಸಿದಳು. ಅತ್ತಿಗೆ ಕೆಟ್ಟವಳಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು. ತನ್ನ ಸೀರೆಗಿಂತ ಮೊದಲು ನಾದಿನಿಗೆ ಸೀರೆ ತರುವವಳು, ಅವಳಿಗೆ ಕೆಮ್ಮು ಬಂದರೆ ತಾನು ಕಷಾಯ ಕಾಯಿಸಿ ಕುಡಿಸುವವಳು. ಇಂಥವಳನ್ನು ಬಿಟ್ಟುಹೋಗುತ್ತೇನೆ ಅನ್ನಲು ಬಾಯಿ ಬರಬೇಕಲ್ಲ.

ಸಂಜೆ ದೇವರ ಪಟದ ಮುಂದೆ ಮೇಣದ ಬತ್ತಿ ಹಚ್ಚಿ, ಜಪಮಾಲೆ ಮುಗಿಸಿ ಮೂವರೂ ಮೇಜಿನ ಸುತ್ತ ಕೂತರು. ಮೊದಲು ಅತ್ತಿಗೆ, ಆಮೇಲೆ ಸಂತಮ್ಮ, ಕಟ್ಟಕಡೆಗೆ ಅಣ್ಣ, ಹೀಗೇ ನಡೆದುಬಂದ ಕ್ರಮ. "ನಂದು ಯಾವತ್ತಿದ್ರೂ ಕೊನೇ ಸೀಟು," ಎಂಬುದು ಅಣ್ಣ ಪ್ರತಿ ವರ್ಷ ಹೇಳುತ್ತಿದ್ದ ಮಾತು.

"ಈ ಸಲ ಸಂತಮ್ಮನೇ ಮೊದಲು ತೆಗೀಲಿ," ಎಂದಳು ಅತ್ತಿಗೆ. ಅವಳ ದನಿ ಸ್ವಲ್ಪ ಒಡೆದಿತ್ತು. "ದೇವರು ಏನು ಹೇಳ್ತಾನೋ ಕೇಳೋಣ. ಹೋಗು ಅಂದ್ರೆ ಹೋಗ್ಲಿ, ನಾನು ಬೇಡ ಅನ್ನಲ್ಲ."

ಸಂತಮ್ಮ ಕಣ್ಣು ಮುಚ್ಚಿದಳು. ಕ್ಲಾರಾ ಬರಲಿ, ಎಂದು ಬೇಡಿಕೊಂಡಳು. ತೆರೇಸಾ ಆದರೂ ಆದೀತು. ಹೊರಗೆ ಹೆಜ್ಜೆ ಇಟ್ಟವಳು ಯಾರಾದರೂ ಒಬ್ಬಳು ಬಂದರೆ ಸಾಕು, ಅವಳ ಸೆರಗು ಹಿಡಿದುಕೊಂಡು ತಾನೂ ಹೊರಟುಬಿಡುತ್ತೇನೆ. ಬಟ್ಟಲಿಗೆ ಕೈ ಹಾಕಿ ತಳದಿಂದ ಒಂದು ಚೀಟಿ ಎತ್ತಿದಳು. ಬಿಡಿಸಿದಳು.

ಜಿಟಾ.

"ಜಿಟಾ!" ಎಂದು ಅತ್ತಿಗೆ ಓದಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. "ಅಬ್ಬಾ, ಸ್ವಾಮಿ! ನೋಡ್ದ್ಯಾ? ಹನ್ನೆರಡನೇ ವಯಸ್ಸಿಗೆ ಒಂದು ಮನೆಗೆ ಕೆಲಸಕ್ಕೆ ಸೇರಿದೋಳು, ಸಾಯೋತನಕ ಆ ಮನೆ ಬಿಟ್ಟು ಕದಲಲಿಲ್ಲ. ಮೊದಮೊದಲು ಅಲ್ಲಿನೋರು ಬೈದ್ರು, ಹೊಡೆದ್ರು. ಕಡೆಕಡೆಗೆ ಮನೆ ಬೀಗದಕೈನೆಲ್ಲ ಅವಳ ಕೈಗೇ ಕೊಟ್ರು. ಅಡುಗೆಮನೇಲಿದ್ದೇ ಸಂತಳಾದೋಳು ಅವಳು."

ಸಂತಮ್ಮ ಚೀಟಿಯನ್ನೇ ನೋಡುತ್ತಿದ್ದಳು. ಅಳು ಬರಲಿಲ್ಲ. ನಾಳೆ ಬೆಳಿಗ್ಗೆ ಎದ್ದು ಹಿಟ್ಟು ಕಲಸಬೇಕು ಎಂಬುದಷ್ಟೇ ತಲೆಗೆ ಬಂತು. ಆಮೇಲೆ ನಾಡಿದ್ದು. ಆಮೇಲೆ ಅದರ ಮಾರನೇ ದಿನ. ಬಚ್ಚಲಿಗೆ ಹೋಗುವವರು ಕಾಲು ದಾಟಿಕೊಂಡು ಹೋಗುತ್ತಾರೆ.

"ತಾಳಿ, ಟೀಗೆ ಇಟ್ಟು ಬರ್ತೀನಿ, ಆಮೇಲೆ ನಾವು ತೆಗೆಯೋಣ," ಎಂದು ಅತ್ತಿಗೆ ಬಟ್ಟಲನ್ನೂ ಕೈಯಲ್ಲಿ ಹಿಡಿದುಕೊಂಡೇ ಎದ್ದಳು.

ಅಣ್ಣ ತಂಗಿಯ ಮುಖ ನೋಡುತ್ತಿದ್ದ. ಮಾತಿನಲ್ಲಿ ಅವನು ಎಂದೂ ಸೈ ಅನ್ನಿಸಿಕೊಂಡವನಲ್ಲ. ಏನಾದರೂ ತಮಾಷೆ ಮಾಡಿ ಅವಳ ಮುಖ ಸರಿಮಾಡಬೇಕು ಅನ್ನಿಸಿತೇನೋ, ಪಕ್ಕದಲ್ಲಿ ಹಾದುಹೋಗುತ್ತಿದ್ದ ಬಟ್ಟಲಿಗೆ ತನ್ನ ದಪ್ಪ ಕೈ ಹಾಕಿಯೇಬಿಟ್ಟ. "ನಂದೂ ಒಂದು ಆಗ್ಲಿ ಬಿಡು. ಈ ಸಲನಾದ್ರೂ ಕೊನೇ ಸೀಟು ಬೇಡ."

"ರೀ, ಬೇಡ, ಆಮೇಲೆ..."

ಅವನಾಗಲೇ ಚೀಟಿ ಬಿಡಿಸಿ, ಕನ್ನಡಕವಿಲ್ಲದ್ದರಿಂದ ಕೈ ಉದ್ದಕ್ಕೆ ಚಾಚಿ ಹಿಡಿದಿದ್ದ. "ಜಿ... ಟಾ. ಜಿಟಾ." ಹುಬ್ಬೇರಿಸಿದ. "ಇದೇನೇ ಇದು? ಒಂದೇ ಸೀಟಿಗೆ ಇಬ್ಬರಿಗೆ ಟಿಕೆಟ್ ಹರಿದಿದ್ದೀಯಲ್ಲ!"

ಸಂತಮ್ಮ ಎದ್ದು ಅತ್ತಿಗೆಯ ಕೈಯಿಂದ ಬಟ್ಟಲು ತೆಗೆದುಕೊಂಡಳು. ಅತ್ತಿಗೆ ತಡೆಯಲಿಲ್ಲ. ಒಂದು ಚೀಟಿ ಬಿಡಿಸಿದಳು, ಜಿಟಾ. ಇನ್ನೊಂದು, ಜಿಟಾ. ಇನ್ನೂ ಒಂದು ಬಿಡಿಸಿ ನೋಡಿ, ಉಳಿದವನ್ನು ಬಿಡಿಸುವ ಗೋಜಿಗೆ ಹೋಗದೆ ಬಟ್ಟಲನ್ನು ಮೇಜಿನ ಮೇಲಿಟ್ಟಳು.

"ನಮ್ಮಿಬ್ಬರ ಚೀಟಿಗಳ ಬಟ್ಟಲು ಬೇರೆ, ಅದು ಅಡುಗೆಮನೇಲಿದೆ," ಎಂದಳು ಅತ್ತಿಗೆ ಗಂಡನಿಗೆ, ಸಣ್ಣ ದನಿಯಲ್ಲಿ. ಕುರ್ಚಿಯ ಮೇಲೆ ಕುಸಿದು ಕೂತಳು.

"ವರ್ಷ ವರ್ಷವೂ ಹೀಗೇ ಮಾಡ್ತಿದ್ರಾ ಅತ್ತಿಗೆ?"

"ಇಲ್ಲ ಕಣೇ! ದೇವರಾಣೆ ಇಲ್ಲ. ಇದೇ ಮೊದಲ ಸಲ. ಹಿಂದೆಲ್ಲ ತಾನಾಗೇ ಬಂದದ್ದು. ರೀತಾನೂ ತಾನಾಗೇ ಬಂದ್ಲು, ಮೋನಿಕಾನೂ ತಾನಾಗೇ ಬಂದ್ಲು. ಈ ಸಲ ಎಲ್ಲಿ ಬೇರೆಯವಳು ಬಂದುಬಿಡ್ತಾಳೋ ಅಂತ ಜೀವ ಬಾಯಿಗೆ ಬಂದಿತ್ತು ನಂಗೆ."

ಸಂತಮ್ಮ ನಂಬಿದಳು. ಅತ್ತಿಗೆ ದೇವರ ಮೇಲೆ ಸುಳ್ಳು ಆಣೆ ಇಡುವವಳಲ್ಲ. ನಂಬಿದ್ದರಿಂದ ಸಂಕಟ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಅತ್ತಿಗೆಯೇ ಎಲ್ಲ ಮಾಡಿದ್ದಾಗಿದ್ದರೆ ಈಗ ಅವಳ ಜತೆ ಜಗಳವಾಡಿ ಹಗುರಾಗಬಹುದಿತ್ತು. ಹಿಂದಿನದೆಲ್ಲ ದೇವರೇ ಕೊಟ್ಟದ್ದಾದರೆ ಯಾರ ಜುಟ್ಟು ಹಿಡಿಯುವುದು?

"ನೀನು ಹೋದ್ರೆ ಈ ಮನೇಲಿ ನನ್ನ ಜತೆ ಯಾರೇ ಇರೋದು?" ಅತ್ತಿಗೆಯ ಅಳು ಕಿತ್ತುಕೊಂಡು ಬಂತು. "ಇವರಾ? ಇವರು ತಮ್ಮ ಮಾತನ್ನೆಲ್ಲ ಬಸ್ಸಲ್ಲೇ ಇಳಿಸಿ ಬಂದಿದ್ದಾರೆ. ಮಗಳು ಫೋನ್ ಮಾಡಿದ್ರೆ ಉಂಟು, ಇಲ್ಲದಿದ್ರೆ ಇಲ್ಲ. ಬೆಳಿಗ್ಗೆ ಎದ್ದ ತಕ್ಷಣ ನಿನ್ನ ಪಾತ್ರೆ ಸದ್ದು ಕೇಳಿಸಬೇಕು ನಂಗೆ. ಅದು ಕೇಳಿದ್ರೇನೇ ಎದ್ದೇಳೋಕೆ ಧೈರ್ಯ ಬರೋದು. ತಪ್ಪು ಮಾಡಿದೆ, ಒಪ್ಕೋತೀನಿ. ಈ ಚೀಟಿಗಳನ್ನ ಒಲೆಗೆ ಹಾಕಿ ಬೇರೆ ಎತ್ತೋಣ."

"ಚೀಟಿ ಅಂದ್ರೆ ಚೀಟಿ," ಎಂದ ಅಣ್ಣ. ಹೆಂಡತಿಯ ಮುಖ ನೋಡಲಾರದೆ ಮೇಜಿನ ಅಂಚನ್ನು ನೋಡುತ್ತಿದ್ದ. "ಬಂದೋಳು ಬಂದ್ಲು. ನಿಯಮ ನಿಂದೇ ಅಲ್ವಾ? ಪುಟ್ಟೀ, ನೀನು ಹೇಳು. ಏನು ಮಾಡ್ತೀಯ?"

ನಲವತ್ತು ದಾಟಿದ ತಂಗಿಯನ್ನು ಅವನು ಪುಟ್ಟಿ ಎಂದು ಕರೆದು ಎಷ್ಟೋ ಕಾಲವಾಗಿತ್ತು. ಸಂತಮ್ಮ ತನ್ನ ಚೀಟಿಯನ್ನು ಮೇಜಿನ ಮೇಲಿಟ್ಟು ಬೆರಳಿನಿಂದ ನೀವಿದಳು. ಜಿಟಾ ಬದುಕಿನಲ್ಲಿ ಏನೇನು ಮಾಡಿದಳು? ಗುಡಿಸಿದಳು, ಸಾರಿಸಿದಳು, ಬೇಯಿಸಿದಳು. ತನ್ನ ಪಾಲಿನ ಊಟವನ್ನು ಬಡವರಿಗೆ ಕೊಟ್ಟಳು. ಅವಳ ಕಥೆಯನ್ನು ಸಂತಮ್ಮ ಎಷ್ಟೋ ಸಲ ಓದಿದ್ದಳು, ಪ್ರತಿ ಸಲವೂ ಬೇಗ ಬೇಗ ಮುಗಿಸಿದ್ದಳು. ತನ್ನ ದಿನಚರಿಯನ್ನು ತಾನೇ ಏನು ಓದುವುದು ಎಂದು. ಈಗ ಅದನ್ನು ಮೊದಲಿಂದ ನಿಧಾನವಾಗಿ ನೆನಪು ಮಾಡಿಕೊಂಡಳು.

"ಒಂದಿನ ಜಿಟಾ ರೊಟ್ಟಿ ಮಾಡ್ತಾ ಇದ್ಲು," ಎಂದಳು ಕೊನೆಗೆ. "ಯಾರೋ ಕಷ್ಟದಲ್ಲಿದ್ದಾರೆ ಅಂತ ಗೊತ್ತಾಯ್ತು. ಹಿಟ್ಟನ್ನ ಅಲ್ಲೇ ಬಿಟ್ಟು ಎದ್ದು ಹೋಗ್ಬಿಟ್ಲು. ನಾನು ಅದನ್ನ ಮಾಡ್ತೀನಿ."

ಅತ್ತಿಗೆ ತಟ್ಟನೆ ತಲೆಯೆತ್ತಿದಳು. ಸಂತರ ಕಥೆಯಲ್ಲಿ ಅವಳನ್ನು ಮೀರಿಸುವವರು ಆ ಊರಲ್ಲಿ ಯಾರೂ ಇರಲಿಲ್ಲ. "ವಾಪಸ್ ಬಂದ್ಲು ಅಲ್ವಾ? ಅದನ್ಯಾಕೆ ನುಂಗ್ತೀಯ? ಹೋದೋಳು ಅದೇ ಅಡುಗೆಮನೆಗೇ ಬಂದ್ಲು."

"ಬಂದ್ಲು. ಬರೋ ಹೊತ್ತಿಗೆ ರೊಟ್ಟಿ ಆಗಿತ್ತು."

"ದೇವದೂತರು ಬಂದು ಮಾಡಿದ್ರು."

"ಯಾರೋ ಮಾಡಿದ್ರು. ಅವಳಿಲ್ದೇನೂ ಆಗಿತ್ತಲ್ಲ ಅತ್ತಿಗೆ."

ಅತ್ತಿಗೆ ಸೆರಗಿನಿಂದ ಮೂಗು ಒರೆಸಿಕೊಂಡು, ಬೇರೆ ಕಡೆಯಿಂದ ಬಂದಳು. "ಕಷ್ಟದಲ್ಲಿರೋರನ್ನ ನೋಡೋಕೆ ಹೋದ್ಲು ಜಿಟಾ. ಶೋಕಿಗೆ ಹೋಗಿದ್ದಲ್ಲ. ನಿಂಗ್ಯಾರು ಅಲ್ಲಿ ಕಷ್ಟದಲ್ಲಿರೋರು? ಆ ಸಿಸ್ಟರಾ? ಅವರ ಮಣಿಕಟ್ಟಿಗೆ ಎಣ್ಣೆ ಹಚ್ಚಿದ್ರೆ ಸರಿಹೋಗತ್ತೆ."

"ನಾನೇ," ಎಂದಳು ಸಂತಮ್ಮ.

"ಏನು?"

"ಕಷ್ಟದಲ್ಲಿರೋದು ನಾನೇ ಅತ್ತಿಗೆ."

ಹೇಳಿದ ಮೇಲೆ ಅವಳಿಗೇ ಭಯವಾಯಿತು. ಈ ಮನೆಯಲ್ಲಿ ಆ ಮಾತನ್ನು ಅವಳು ಆಡಿರಲೇ ಇಲ್ಲ. ಅತ್ತಿಗೆ ನಗಬಹುದು, ಸಂತಮ್ಮಂಗೂ ಕಷ್ಟವಾ ಎನ್ನಬಹುದು ಎಂದು ಕಾದಳು. ಯಾರೂ ನಗಲಿಲ್ಲ. ಅ‌ತ್ತಿಗೆ ಅವಳನ್ನು ಹೊಸಬಳನ್ನು ನೋಡುವ ಹಾಗೆ ನೋಡುತ್ತಿದ್ದಳು.

ಅಣ್ಣ ತನ್ನ ಚೀಟಿಯನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿದ. "ಹಾಗಾದ್ರೆ ರೊಟ್ಟಿ ಬೇಯಿಸೋದು ನಂದು. ನಂಗೂ ಅವಳೇ ಬಂದಿರೋದಲ್ವಾ?"

"ನೀವಾ?" ಎಂದಳು ಅತ್ತಿಗೆ. "ಒಂದು ಲೋಟ ನೀರು ಬಗ್ಗಿಸಿಕೊಳ್ಳೋಕೆ ಬರಲ್ಲ ನಿಮಗೆ."

"ಬಸ್ಸು ಓಡಿಸೋಕೂ ಹುಟ್ಟುವಾಗ್ಲೇ ಬರ್ತಿರಲಿಲ್ಲ," ಎಂದ ಅಣ್ಣ.

ಬೆಳಿಗ್ಗೆ ಸಂತಮ್ಮ ಎದ್ದಾಗ ಅಡುಗೆಮನೆಯಲ್ಲಿ ಆಗಲೇ ದೀಪ ಉರಿಯುತ್ತಿತ್ತು. ಅಣ್ಣ ಬನಿಯನ್ನಿನ ಮೇಲೆ ಹೆಂಡತಿಯ ಏಪ್ರನ್ ಕಟ್ಟಿಕೊಂಡಿದ್ದ. ಹೊಟ್ಟೆ ಸುತ್ತಿ ಬರುವಷ್ಟು ದಾರ ಇಲ್ಲದೆ ಹಿಂದೆ ಒಂದು ಸೇಫ್ಟಿ ಪಿನ್ ಸಿಕ್ಕಿಸಿದ್ದ. ಕರೆಂಟಿನ ಅಚ್ಚಿನ ಕಾವಲಿಯನ್ನು ಕಾಯಲು ಇಟ್ಟಿದ್ದ. ಹಿಟ್ಟು ಗಂಟುಗಂಟಾಗಿತ್ತು. ಮೊದಲನೇ ಹಾಳೆಯನ್ನು ಅವಸರದಲ್ಲಿ ಎತ್ತಲು ಹೋಗಿ ಅರ್ಧ ಮೇಲಿನ ಅಚ್ಚಿಗೆ, ಅರ್ಧ ಕೆಳಗಿನ ಅಚ್ಚಿಗೆ ಅಂಟಿ ಹರಿದಿತ್ತು. ಆವಿಯ ಸುಯ್ ಸದ್ದು ಪೂರ್ತಿ ನಿಲ್ಲುವವರೆಗೆ ಮುಚ್ಚಳ ಎತ್ತಬಾರದು. ಸಂತಮ್ಮನ ಬಾಯಿಗೆ ಆ ಮಾತು ಬಂತು. ನುಂಗಿಕೊಂಡಳು.

"ಹರಿದರೆ ಹರೀಲಿ, ಕಲೀತೀನಿ," ಎಂದ ಅಣ್ಣ ಚಾಕುವಿನಿಂದ ಅಚ್ಚು ಕೆರೆಯುತ್ತ. "ಬರೋ ಭಾನುವಾರಕ್ಕಲ್ವಾ ಬೇಕಾಗಿರೋದು? ಇನ್ನೂ ದಿನ ಇದೆ. ನೀನು ರೆಡಿಯಾಗು. ಅಂದಹಾಗೆ ನಿನ್ನ ಅತ್ತಿಗೆ ಇನ್ನೂ ಎದ್ದಿಲ್ಲ. ಮೈ ಬಿಸಿ ಇದೆ ಅಂತಾಳೆ."

ಸಂತಮ್ಮ ಅತ್ತಿಗೆಯ ಕೋಣೆಗೆ ಹೋಗಿ ಹಣೆ ಮುಟ್ಟಿದಳು. ಸುಳ್ಳಾಗಿರಲಿ ಎಂದು ಆಸೆಪಟ್ಟಿದ್ದಳು. ಹಣೆ ನಿಜವಾಗಿಯೂ ಸುಡುತ್ತಿತ್ತು. ಅತ್ತಿಗೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ರಾತ್ರಿಯೆಲ್ಲ ಅತ್ತು ಕಣ್ಣುರೆಪ್ಪೆ ಊದಿದ್ದವು. ಸಂತಮ್ಮ ಬಟ್ಟೆ ಒದ್ದೆ ಮಾಡಿ ಹಣೆಯ ಮೇಲಿಟ್ಟಳು, ಮಾತ್ರೆ ನುಂಗಿಸಿದಳು, ಹೊದಿಕೆ ಸರಿಮಾಡಿದಳು. ಕೈ ಹಿಂದೆ ತೆಗೆಯಲು ಹೋದಾಗ ಅತ್ತಿಗೆ ಅವಳ ಮಣಿಕಟ್ಟು ಹಿಡಿದುಕೊಂಡಳು. ಕಣ್ಣು ತೆರೆಯಲಿಲ್ಲ. ಹಿಡಿದುಕೊಂಡಳು ಅಷ್ಟೆ.

ಹೊರಗೆ ವ್ಯಾನಿನ ಹಾರನ್ ಕೇಳಿಸಿತು.

ಒಂದು ನಾಲ್ಕು ದಿನ ನೋಡಿಕೊಂಡು ಆಮೇಲೆ ಹೋದರೆ ಹೇಗೆ? ಜ್ವರ ಇಳಿಯುವವರೆಗೆ ಮಾತ್ರ. ಸಿಸ್ಟರಿಗೆ ಫೋನ್ ಮಾಡಿ ಹೇಳಿದರಾಯಿತು, ಕಾಯುತ್ತಾರೆ, ದೇವರ ಮಕ್ಕಳಲ್ಲವೇ. ಈ ಯೋಚನೆ ಎಷ್ಟು ಸಲೀಸಾಗಿ, ಎಷ್ಟು ಹಿತವಾಗಿ ಬಂತೆಂದರೆ ಸಂತಮ್ಮ ಮಂಚದ ಅಂಚಿನ ಮೇಲೆ ಕೂತೇಬಿಟ್ಟಳು. ಕೂತ ಮೇಲೆ ಗೊತ್ತಾಯಿತು ಅವಳಿಗೆ. ತನ್ನನ್ನು ಹಿಡಿದದ್ದು ಅತ್ತಿಗೆಯ ಬೆರಳಷ್ಟೇ ಅಲ್ಲ. ನಾನಿಲ್ಲದಿದ್ದರೆ ಇವರಿಗೆ ಗತಿಯಿಲ್ಲ ಅನ್ನುವ ಮಾತು ಇಷ್ಟು ವರ್ಷ ತನಗೂ ಎಷ್ಟು ಬೇಕಾಗಿತ್ತು! ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ಹಾರನ್ ಮತ್ತೆ ಕೇಳಿಸಿತು.

"ಅಣ್ಣಾ," ಎಂದು ಕೂಗಿದಳು. "ಇಲ್ಲಿ ಬಾ ಸ್ವಲ್ಪ."

ಅಣ್ಣ ಎರಡೂ ಕೈಗೆ ಹಿಟ್ಟು ಮೆತ್ತಿಕೊಂಡು ಬಂದು ಬಾಗಿಲಲ್ಲಿ ನಿಂತ. ಹಾಳೆ ಹಾಕಿ ಬಂದಿದ್ದೀನಿ, ಸೀದುಹೋಗತ್ತೆ, ಎಂದ. ಹೋಗ್ಲಿ ಬಾ, ಎಂದಳು ಸಂತಮ್ಮ. ಅವನನ್ನು ಮಂಚದ ಅಂಚಿನ ಮೇಲೆ ತಾನು ಕೂತ ಜಾಗದಲ್ಲೇ ಕೂರಿಸಿದಳು. ಅತ್ತಿಗೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಕಿರುಬೆರಳು ಬಿಡಿಸುವಾಗ ಅದು ಮತ್ತೆ ಮುದುಡಿಕೊಂಡಿತು, ಮತ್ತೆ ಬಿಡಿಸಿದಳು. ಬಿಟ್ಟ ಆ ಕೈಯೊಳಗೆ ಅಣ್ಣನ ದಪ್ಪ ಕೈಯನ್ನು ಇಟ್ಟಳು. ಅತ್ತಿಗೆಯ ಬೆರಳುಗಳು ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಮೆಲ್ಲಗೆ ಮುಚ್ಚಿಕೊಂಡವು.

"ಅಂಟು ಅಂಟು," ಎಂದಳು ಅತ್ತಿಗೆ, ಕಣ್ಣು ಮುಚ್ಚಿಕೊಂಡೇ.

"ಹಿಟ್ಟು ಕಣೇ," ಎಂದ ಅಣ್ಣ. ಆಮೇಲೆ, "ಉಪ್ಪು ಹಾಕಿಲ್ಲ," ಎಂದ.

ಅತ್ತಿಗೆಯ ರೆಪ್ಪೆಯ ಕೆಳಗಿನಿಂದ ನೀರು ಇಳಿದು ಕಿವಿಯ ಕಡೆ ಹರಿಯಿತು. ಕೈ ಬಿಡಲಿಲ್ಲ ಅವಳು.

ಸಂತಮ್ಮ ಓಣಿಯಲ್ಲಿದ್ದ ತನ್ನ ಚೀಲ ಎತ್ತಿಕೊಂಡಳು. ಅಡುಗೆಮನೆಯಲ್ಲಿ ಸೀದ ವಾಸನೆ ಆಗಲೇ ತುಂಬಿತ್ತು, ಅಚ್ಚಿನ ಅಂಚಿನಿಂದ ಸಣ್ಣಗೆ ಕಪ್ಪು ಹೊಗೆ ಏಳುತ್ತಿತ್ತು. ಗೋಡೆಯ ಹತ್ತಿರ ಹೋಗಿ ಪ್ಲಗ್ ಕಿತ್ತಳು. ಮುಚ್ಚಳದ ಹಿಡಿಯ ಕಡೆ ಅವಳ ಕೈ ತಾನಾಗಿಯೇ ಹೋಯಿತು, ಅರ್ಧಕ್ಕೆ ನಿಂತಿತು. ಮುಚ್ಚಳ ಎತ್ತಿ ನೋಡಲಿಲ್ಲ. ಹೊಗೆ ಹೋಗಲೆಂದು ಕಿಟಕಿಯೊಂದನ್ನು ತೆರೆದಿಟ್ಟು, ಬಾಗಿಲು ಎಳೆದುಕೊಂಡು ಹೊರಗೆ ಬಂದಳು.